ದೊಡ್ಡ ಜಿ, ಸಣ್ಣ ಜಿ

ದೇವರು ದೊಡ್ಡವನೋ ಸಣ್ಣವನೋ ಎಂದು ತೀರ್ಮಾನ ಮಾಡುವ ಅಧಿಕಾರ ಒಂದು ಕಾಲಕ್ಕೆ ಇಡೀ ಭಾಲ್ಕಿಯಲ್ಲಿ ಒಬ್ಬರ ಕೈಯಲ್ಲಿತ್ತು. ಅವರು ಸ್ವಾಮಿಗಳಲ್ಲ, ಮೌಲ್ವಿಗಳಲ್ಲ, ಪಾದ್ರಿಯೂ ಅಲ್ಲ. ನಮ್ಮ ಅವ್ವನ ಖಾಸಾ ಅಣ್ಣ, ಅಂದರೆ ನನ್ನ ಸೋದರಮಾವ. ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಟೈಪಿಂಗ್ ಕ್ಲಾಸ್ ಇಟ್ಟುಕೊಂಡಿದ್ದರು. ಹೆಸರು ಹೇಳುವುದಿಲ್ಲ. ನಾಳೆ ಯಾರಾದರೂ ಇದನ್ನು ಇಂಗ್ಲಿಷಿಗೆ ತಿರುಗಿಸಿ ಅವರ ಹೆಸರಿನ ಮೊದಲ ಅಕ್ಷರವನ್ನು ಸಣ್ಣದು ಮಾಡಿಬಿಟ್ಟರೆ? ಆ ಪಾಪ ನನ್ನ ತಲೆಗೆ ಬೇಡ. ಮಾಮಾ ಎಂದೇ ಕರೆಯುತ್ತೇನೆ. ಇಡೀ ಭಾಲ್ಕಿ ಅವರನ್ನು 'ಮಾಸ್ತರ' ಎನ್ನುತ್ತಿತ್ತು.

ಇಂಗ್ಲಿಷಿನಲ್ಲಿ ಪ್ರತಿ ಅಕ್ಷರಕ್ಕೂ ಎರಡು ಅಳತೆ ಇರುವುದು ನಿಮಗೆ ಗೊತ್ತು. ನನಗೂ ಗೊತ್ತಿತ್ತು. ವಾಕ್ಯದ ಶುರುವಿಗೊಂದು, ಜನರ ಹೆಸರಿಗೊಂದು, ಊರ ಹೆಸರಿಗೊಂದು ದೊಡ್ಡ ಅಕ್ಷರ ಹಾಕಿ ಕೈ ತೊಳೆದುಕೊಂಡಿದ್ದೆ. ಆದರೆ ಧರ್ಮದ ಶಬ್ದಗಳು ಬಂದಾಗ ಇಂಗ್ಲಿಷಿನವರು ಎಂಥೆಂಥ ಕಾನೂನು ಮಾಡಿಟ್ಟಿದ್ದಾರೆ ಗೊತ್ತೇನು? 'ಗಾಡ್' ಎಂಬ ಪದ ದೊಡ್ಡ ಜಿ ಇಂದ ಶುರುವಾದರೆ ಅವನು ಒಬ್ಬನೇ, ಸರ್ವಶಕ್ತ. ಸಣ್ಣ ಜಿ ಇಂದ ಶುರುವಾದರೆ ಅವನು ಹತ್ತರಲ್ಲಿ ಒಬ್ಬ, ಊರ ಹೊರಗಿನ ಕಟ್ಟೆಯ ಮೇಲೆ ಕೂತವನು. ಬೈಬಲ್ಲಿಗೆ ದೊಡ್ಡ ಬಿ, ಅದೇ ಬೈಬಲ್ಲಿನಿಂದ ಹುಟ್ಟಿದ 'ಬಿಬ್ಲಿಕಲ್' ಎಂಬ ವಿಶೇಷಣಕ್ಕೆ ಸಣ್ಣ ಬಿ! ಗುಡಿಗೆ ಸಣ್ಣ ಅಕ್ಷರ, ಗುಡಿಗೆ ಹೆಸರಿಟ್ಟರೆ ದೊಡ್ಡ ಅಕ್ಷರ. ಇಷ್ಟಕ್ಕೆ ಮುಗಿಯಿತೇ? ದೇವರನ್ನು 'ಅವನು' ಎಂದು ಕರೆದರೆ, ಆ 'ಅವನು' ಕೂಡ ದೊಡ್ಡವನಾಗಬೇಕೋ ಬೇಡವೋ ಎಂದು ಪಂಡಿತರಲ್ಲೇ ಜಗಳ. ಮಾಮಾ ಆ ಜಗಳದಲ್ಲಿ ದೊಡ್ಡ ಅಕ್ಷರದ ಪಕ್ಷ.

ತಮಾಷೆ ಎಂದರೆ ಮಾಮಾ ಓದಿದ್ದು ನಿಜಾಮರ ಕಾಲದ ಉರ್ದು ಸಾಲಿಯಲ್ಲಿ. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ಮರಾಠಿ. ಮೂರು ಭಾಷೆಗಳಲ್ಲಿ ಒಂದರಲ್ಲೂ ದೊಡ್ಡ ಅಕ್ಷರ ಎಂಬ ಪ್ರಾಣಿಯೇ ಇಲ್ಲ! ಕಲಿಯುವ ವಯಸ್ಸು ದಾಟಿದ ಮೇಲೆ ಕಷ್ಟಪಟ್ಟು ಇಂಗ್ಲಿಷ್ ಕಲಿತವರು. ಹಾಗಾಗಿ ದೊಡ್ಡ ಅಕ್ಷರ ಕಂಡರೆ ಅವರಿಗೆ ಹೊಸ ಸೊಸೆ ಮನೆಗೆ ಬಂದಷ್ಟು ಸಡಗರ.

ನಾನು ಅವರ ಕೈಗೆ ಸಿಕ್ಕಿದ್ದು ಬರದ ವರ್ಷ. ಮಳೆ ಎರಡು ವರ್ಷ ಕೈಕೊಟ್ಟಿತ್ತು. ನಮ್ಮದು ಔರಾದ. ಅಪ್ಪ ಟೇಲರ್. ಬರ ಬಂದರೆ ಟೇಲರಿಗೇನು ಎಂದು ನೀವು ಕೇಳಬಹುದು. ಹೊಟ್ಟೆಗಿಲ್ಲದ ಊರಿನಲ್ಲಿ ಅಂಗಿ ಹೊಲಿಸುವವರು ಯಾರು? ಔರಾದಿನ ಬಸ್ಸುಗಳು ಖಾಲಿ ಬಂದು ತುಂಬಿ ಹೋಗುತ್ತಿದ್ದವು, ಹೈದರಾಬಾದ ಕಡೆಗೆ, ನಿಜಾಮಾಬಾದ ಕಡೆಗೆ. ಗಂಟು, ಪಾತ್ರೆ, ಕೋಳಿ, ಕೂಸು ಎಲ್ಲ ಬಸ್ಸಿನಲ್ಲಿ. ಒಂದು ದಿನ ಅಪ್ಪನೂ ಹೊಲಿಗೆ ಯಂತ್ರವನ್ನು ಬಸ್ಸಿನ ಮೇಲೆ ಕಟ್ಟಿಸಿ, ಅವ್ವನನ್ನೂ ನನ್ನ ತಂಗಿಯನ್ನೂ ಕರೆದುಕೊಂಡು ಹೈದರಾಬಾದಿಗೆ ಹೊರಟ. ಅಲ್ಲಿ ಯಾವುದೋ ರೆಡಿಮೇಡ್ ಬಟ್ಟೆಯ ಕಾರ್ಖಾನೆಯಲ್ಲಿ ಕೆಲಸ. ಬಿ.ಎ. ಪಾಸಾಗಿ ಮನೆಯಲ್ಲಿ ಕೂತಿದ್ದ ನನ್ನನ್ನು ಭಾಲ್ಕಿಯಲ್ಲಿ ಇಳಿಸಿದರು.

ಅವ್ವ ಅಣ್ಣನಿಗೆ ಹೇಳಿದ್ದು ಒಂದೇ ಮಾತು. "ಅಣ್ಣಾ, ಇವನಿಗ ಟೈಪಿಂಗ್ ಕಲಿಸು. ಒಂದು ಸರಕಾರಿ ನೌಕರಿಗ ಹಚ್ಚು. ಇಂವ ನೌಕರಿಗ ಹತ್ತಿದ ದಿನ ನಾವು ಊರಿಗ ತಿರುಗಿ ಬರ್ತೇವಿ."

ಅಂದರೆ ಇಡೀ ಮನೆತನ ಔರಾದಿಗೆ ವಾಪಸ್ ಬರುವುದು ನನ್ನ ಹತ್ತು ಬೆರಳುಗಳ ಮೇಲೆ ನಿಂತಿತ್ತು. ಅದರಲ್ಲಿ ಎಂಟು ಬೆರಳು ಒಂದಿಷ್ಟು ಬುದ್ಧಿವಂತ ಇದ್ದವು. ಎರಡು ಕಿರುಬೆರಳು ಮಾತ್ರ ಪಕ್ಕಾ ಸೋಮಾರಿ.

ಹಳೆಯ ಟೈಪ್ ಯಂತ್ರ ಬಳಸಿದವರಿಗೆ ಇದು ಗೊತ್ತಾಗುತ್ತದೆ. ದೊಡ್ಡ ಅಕ್ಷರ ಬೇಕೆಂದರೆ ಕಿರುಬೆರಳಿನಿಂದ ಶಿಫ್ಟ್ ಕೀಲಿಯನ್ನು ಪೂರ್ತಿ ಒತ್ತಿ ಹಿಡಿಯಬೇಕು. ಅರ್ಧ ಒತ್ತಿದರೆ ಅಕ್ಷರ ಗೆರೆಯ ಮೇಲೆ ಕೂರುವುದಿಲ್ಲ, ಮೇಲೆಲ್ಲೋ ಹಾರುತ್ತದೆ. ನಾನು ಮೊದಲ ವಾರ ಹೊಡೆದ 'ಗಾಡ್'ಗಳೆಲ್ಲ ಹಾಗೇ ಹಾರಿದವು.

ಮಾಮಾ ಕಾಗದವನ್ನು ಬೆಳಕಿಗೆ ಹಿಡಿದು ನೋಡಿದರು. "ಅಳಿಯಾ, ದೇವರು ಎಲ್ಲಿದ್ದಾನ?"

"ಕಾಗದದಾಗ ಅದಾನಲ್ರಿ ಮಾಮಾ."

"ಕಾಗದದಾಗ ಉಳಿದ ಅಕ್ಷರ ಅವ. ಅಂವ ಗಾಳಿಯಾಗ ತೇಲಾಡ್ಲಿಕತ್ಯಾನ. ಕೆಳಗ ಇಳಿಸು. ಬರಗಾಲ ಅದ, ಅಂವ ನೆಲದ ಮ್ಯಾಲ ಇರೋದು ಜರೂರಿ ಅದ."

ಅವತ್ತು ಇನ್ನೂರು ಸಲ ದೇವರನ್ನು ನೆಲಕ್ಕಿಳಿಸಿದೆ. ಯಾವ ಸಾಧು ಅಷ್ಟು ಜಪ ಮಾಡಿದ್ದಾನೆ ಹೇಳಿ!

ಕ್ಲಾಸಿನಲ್ಲಿ ಕಲಿಯುವ ಹುಡುಗರು ಕಡಿಮೆಯಾಗಿದ್ದರು. ಅರ್ಧ ಜನ ಊರು ಬಿಟ್ಟಿದ್ದರು. ಬರುತ್ತಿದ್ದವರು ಇಂಗ್ಲಿಷಿನಲ್ಲಿ ಅರ್ಜಿ, ಕಾಗದ ಹೊಡೆಸಿಕೊಳ್ಳುವವರು. ಬರ ಪರಿಹಾರಕ್ಕೆ ಒಂದು, ಬೋರ್‌ವೆಲ್ಲಿಗೆ ಒಂದು, ದೂರದ ಗುತ್ತೇದಾರರಿಗೆ ಒಂದು. ಎಲ್ಲದರಲ್ಲೂ ದೇವರು ಒಂದಲ್ಲ ಒಂದು ಕಡೆ ಬಂದೇ ಬರುತ್ತಿದ್ದ. ಬರಗಾಲದಲ್ಲಿ ಅವನಿಗಿದ್ದಷ್ಟು ಕೆಲಸ ಬೇರೆ ಯಾರಿಗೂ ಇರಲಿಲ್ಲವಲ್ಲ.

ಒಂದು ದಿನ ಒಬ್ಬ ಹೆಣ್ಣುಮಗಳು ಬಂದಳು. ಗಂಡ ದೂರದೂರಿಗೆ ಕಟ್ಟಡ ಕೆಲಸಕ್ಕೆ ಹೋಗಿ ಎರಡು ತಿಂಗಳಾಗಿತ್ತು. ಪತ್ತೆ ಇಲ್ಲ. ಅಲ್ಲಿಯ ಮಾಲಕನಿಗೆ ಇಂಗ್ಲಿಷಿನಲ್ಲಿ ಒಂದು ಕಾಗದ ಬೇಕು. ಅವಳು ಹೇಳುತ್ತಾ ಹೋದಳು, ಮಾಮಾ ಇಂಗ್ಲಿಷು ಮಾಡುತ್ತಾ ಹೋದರು, ನಾನು ಹೊಡೆಯುತ್ತಾ ಹೋದೆ. "ನನ್ನ ಗಂಡನೇ ನನ್ನ ದೇವರು" ಎಂಬಲ್ಲಿ ಬಂಡಿ ನಿಂತಿತು.

ಮಾಮಾ ಕನ್ನಡಕ ತೆಗೆದು ಕೇಳಿದರು. "ನೋಡವ್ವಾ, ಇಂಗ್ಲಿಷಿನಾಗ ದೇವರಿಗ ಎರಡು ಅಳತಿ ಅವ. ಒಂದು ದೊಡ್ಡದು, ಒಂದು ಸಣ್ಣದು. ನಿನ್ನ ಗಂಡಗ ಯಾವುದು ಹಾಕ್ಲಿ?"

ಅವಳು ಒಂದು ಕ್ಷಣವೂ ಯೋಚಿಸಲಿಲ್ಲ. "ಎರಡು ತಿಂಗಳಾತು, ಒಂದು ಕಾಗದ ಹಾಕಿಲ್ರಿ ಅಂವ. ಸಣ್ಣದೇ ಹಾಕ್ರಿ!"

ಮಾಮಾಗೆ ಇಷ್ಟು ಖುಷಿ ಯಾವತ್ತೂ ಆಗಿರಲಿಲ್ಲ. ವ್ಯಾಕರಣದ ಪ್ರಕಾರವೂ ಅದೇ ಸರಿ, ಮನುಷ್ಯರಿಗೆ ಸಣ್ಣ ಜಿ. ಅವಳಿಗೆ ಚಹಾ ತರಿಸಿದರು. ಹದಿನೈದು ದಿನಕ್ಕೆ ಅವಳೇ ಓಡಿ ಬಂದಳು. ಗಂಡ ಕಾಗದ ಬರೆದಿದ್ದಾನೆ, ಕಾಲಿಗೆ ಪೆಟ್ಟಾಗಿ ಮಲಗಿದ್ದನಂತೆ, ಈಗ ಆರಾಮಂತೆ. "ಮಾಸ್ತರ, ಈಗ ಆ ಮಾಲಕಗ ಇನ್ನೊಂದು ಕಾಗದ ಹೊಡೀರಿ. ದೊಡ್ಡದು ಹಾಕಿ ಹೊಡೀರಿ!" ಮಾಮಾ ಒಪ್ಪಲಿಲ್ಲ. ಮನುಷ್ಯರಿಗೆ ದೊಡ್ಡದು ಹಾಕಲು ಬರುವುದಿಲ್ಲ ಎಂದು ಅರ್ಧ ತಾಸು ತಿಳಿಸಿ ಹೇಳಿದರು. ಅವಳು ಅರ್ಧ ತಾಸು ಅತ್ತಳು. ಕೊನೆಗೆ ಮಾಮಾ ಒಂದು ದಾರಿ ಹುಡುಕಿದರು. 'ಗಾಡ್' ಪದದಿಂದಲೇ ವಾಕ್ಯ ಶುರು ಮಾಡಿದರು. ವಾಕ್ಯದ ಮೊದಲ ಅಕ್ಷರ ಹೇಗೂ ದೊಡ್ಡದೇ! ಅವಳೂ ಖುಷಿ, ವ್ಯಾಕರಣವೂ ಖುಷಿ.

ಇನ್ನೊಮ್ಮೆ ಖಟಕ ಚಿಂಚೋಳಿಯಿಂದ ಒಬ್ಬ ಪ್ರೈಮರಿ ಸಾಲಿಯ ಗುರುಗಳು ಬಂದರು. ಬೌದ್ಧರು. ತಮ್ಮ ಓಣಿಯ ವಿಹಾರದ ಹತ್ತಿರ ಒಂದು ಬೋರ್‌ವೆಲ್ ಬೇಕೆಂದು ಅರ್ಜಿ. ಮಾಮಾ ಎಂದಿನಂತೆ ಕೊನೆಗೆ "ದೇವರು ತಮಗೆ ಒಳ್ಳೆಯದು ಮಾಡಲಿ" ಎಂದು ಹಾಕಲು ಹೊರಟರು. ಗುರುಗಳು ಕೈ ಎತ್ತಿದರು.

"ಅದು ಬ್ಯಾಡ್ರಿ ಮಾಸ್ತರ. ನಮ್ಮಲ್ಲಿ ದೇವರಿಲ್ರಿ."

ಮಾಮಾ ಗಾಬರಿಯಾದರು. ದೇವರಿಲ್ಲ ಎಂದದ್ದಕ್ಕಲ್ಲ, ಅದು ಅವರಿಗೆ ಗೊತ್ತಿತ್ತು. "ಹಂಗಾದ್ರ ಗುರುಗಳೇ, ದೊಡ್ಡ ಅಕ್ಷರ ಯಾರಿಗ ಹಾಕ್ಲಿ? ಅರ್ಜಿ ಪೂರಾ ಬೋಳು ಕಾಣ್ತದ."

ಗುರುಗಳು ನಕ್ಕರು. "ನಿಮ್ಮ ಹತ್ತರ ಒಂದು ಉಳೀತಲ್ರಿ? ಅದು ನಮ್ಮ ಧಮ್ಮಕ್ಕ ಹಾಕ್ರಿ."

ಅರ್ಜಿ ಅವತ್ತು ಹೊಡೆಯಲಿಲ್ಲ. ಮಾಮಾ ಎರಡು ದಿನ ಡಿಕ್ಷನರಿ ತಿರುವಿದರು. ಮೂರನೇ ದಿನ ಚಿಂಚೋಳಿ ಬಸ್ಸು ಹತ್ತಿ, ಗುರುಗಳ ಸಾಲಿಗೇ ಹೋಗಿ, ಮಕ್ಕಳ ಎದುರು ಹೇಳಿ ಬಂದರು, "ದೊಡ್ಡ ಡಿ ಹಾಕ್ಬಹುದ್ರಿ. ಜನ ನಂಬಿ ನಡೆಯೋ ಮಾರ್ಗದ ಹೆಸರು ಅದು, ಹೆಸರಿಗ ದೊಡ್ಡ ಅಕ್ಷರದ ಹಕ್ಕದ." ಅಷ್ಟು ಹೇಳಲು ಅವರು ಇಡೀ ದಿನ ಕ್ಲಾಸು ಮುಚ್ಚಿದ್ದರು!

ಈ ಡಿ ಸಿಕ್ಕಿದ ಉತ್ಸಾಹದಲ್ಲಿ ನಾನು ಏನು ಮಾಡಿದೆ ಕೇಳಿ. ಧರ್ಮದ ವಾಸನೆ ಬಂದ ಶಬ್ದಕ್ಕೆಲ್ಲ ದೊಡ್ಡ ಅಕ್ಷರ ಹಾಕುತ್ತಾ ಹೋದೆ. ಧರ್ಮಶಾಲೆಗೆ ಹಾಕಿದೆ. ಊದುಬತ್ತಿಗೆ ಹಾಕಿದೆ. ಒಬ್ಬ ರೈತ ಮೇವು ಕೊಡಿರೆಂದು ಅರ್ಜಿ ಹೊಡೆಸಲು ಬಂದಾಗ ಅವನ ಎತ್ತಿಗೆ, ಎಮ್ಮೆಗೆ, ಎರಡಕ್ಕೂ ಹಾಕಿದೆ.

ಮಾಮಾ ಬೆವತುಬಿಟ್ಟರು. "ಎತ್ತಿಗ ಯಾಕೋ?"

"ಶಿವನ ವಾಹನ ಅಲ್ರಿ ಮಾಮಾ?"

"ಎಮ್ಮಿಗ?"

"ಯಮನ ಕೋಣದ ಬಳಗ ಅಲ್ರಿ?"

ರೈತ ನನ್ನ ಮುಖ ನೋಡಿ ಹೇಳಿದ, "ಮಾಸ್ತರ, ಹುಡುಗಗ ಬೈಬ್ಯಾಡ್ರಿ. ದೊಡ್ಡ ಎತ್ತು ಅಂತ ತಿಳಿದು ಮೇವು ಜಾಸ್ತಿ ಕೊಟ್ರ ಕೊಡ್ಲಿ ಬಿಡ್ರಿ!"

ಮನೆಯಲ್ಲಿ ಊಟಕ್ಕೆ ಕೂತಾಗಲೂ ಇದೇ ಪಾಠ. ರೊಟ್ಟಿ ಬಡಿಯುತ್ತಾ ಎಲ್ಲ ಕೇಳಿಸಿಕೊಳ್ಳುತ್ತಿದ್ದ ಮಾಮಾನ ಹೆಂಡತಿ, ನಮ್ಮ ಅತ್ತಿ, ಒಂದು ದಿನ ಹಿಟ್ಟಿನ ಕೈ ಎತ್ತಿ ಹೇಳಿದರು, "ನಮ್ಮ ಕನ್ನಡದಾಗ ದೇವರಿಗೂ ದನಕ್ಕೂ 'ದ' ಒಂದೇ ಅಳತಿ. ಇಲ್ಲಿ ತನಕ ಯಾ ದೇವರೂ ತಕರಾರು ಮಾಡಿಲ್ಲ. ಯಾ ದನಾನೂ ಮಾಡಿಲ್ಲ. ಸುಮ್ಮನ ಉಣ್ರಿ."

ನಾವಿಬ್ಬರೂ ಸುಮ್ಮನೆ ಉಂಡೆವು.

ಆರು ತಿಂಗಳಲ್ಲಿ ನನ್ನ ಕಿರುಬೆರಳು ತಯಾರಾಯಿತು. ಅದಕ್ಕಿಂತ ಹೆಚ್ಚು ನನ್ನ ತಲೆ ತಯಾರಾಯಿತು. ಇಡೀ ಜಿಲ್ಲೆಯಲ್ಲಿ ದೇವರಿಗೆ ಸರಿಯಾದ ಅಕ್ಷರ ಹಾಕಬಲ್ಲವರು ಇಬ್ಬರೇ, ಒಬ್ಬರು ಮಾಮಾ, ಇನ್ನೊಬ್ಬ ನಾನು ಎಂಬ ಗರ್ವ ಹತ್ತಿತು. ಮಾಮಾಗೂ ಒಂದೆರಡು ತಪ್ಪು ತೋರಿಸುವ ಯೋಚನೆಯಲ್ಲಿದ್ದೆ.

ಅಷ್ಟರಲ್ಲಿ ಬೀದರಿನಲ್ಲಿ ಬರ ಪರಿಹಾರದ ಕೆಲಸಕ್ಕೆ ಒಂದು ಕಚೇರಿಯವರು ಟೈಪಿಸ್ಟ್ ಬೇಕೆಂದು ಕರೆದರು. ಮಾಮಾ ನನ್ನನ್ನು ಕರೆದುಕೊಂಡು ಬೀದರಿಗೆ ಬಂದರು. ಕಚೇರಿಯ ಹೊರಗೆ ಬೇವಿನ ಗಿಡದ ಕೆಳಗೆ ನಿಲ್ಲಿಸಿ, ನನ್ನ ಎರಡೂ ಕಿರುಬೆರಳನ್ನು ತಾವೇ ತಿಕ್ಕಿ ಬಿಸಿ ಮಾಡಿದರು. "ಹೆದರಬ್ಯಾಡ. ಕಲಿತದ್ದು ಬಿಡಬ್ಯಾಡ" ಎಂದರು. ಈ ಎರಡನೇ ಮಾತು ಹೇಳದೇ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು!

ಒಳಗೆ ದಪ್ಪ ಮೀಸೆಯ ಸಾಹೇಬರು ಒಬ್ಬರು ಕೂತು ಇಂಗ್ಲಿಷಿನಲ್ಲಿ ಹೇಳುತ್ತಾ ಹೋದರು. ನಾವು ಎಂಟು ಹತ್ತು ಜನ ಹೊಡೆಯುತ್ತಾ ಹೋದೆವು. ಬರದ ವರದಿ ಅದು. ನಡುವೆ ಒಂದು ಮಾತು ಬಂತು, ಬರಗಾಲ ಎಂಬುದು 'ಆ್ಯಕ್ಟ್ ಆಫ್ ಗಾಡ್', ದೇವರ ಕೈಯ ಕೆಲಸ, ಸರಕಾರ ಏನೂ ಮಾಡಲಾಗದು ಎಂಬ ಅರ್ಥದ್ದು. ನಾನು ಕಿರುಬೆರಳು ಗಟ್ಟಿ ಒತ್ತಿ ದೊಡ್ಡ ಜಿ ಹೊಡೆದೆ. ಗೆರೆಯ ಮೇಲೆ ಕೂದಲಷ್ಟೂ ಆಚೀಚೆ ಇಲ್ಲದಂತೆ ಕೂತಿತು. ನನ್ನ ಜೀವನದ ಅತ್ಯುತ್ತಮ ಜಿ ಅದು.

ಸಾಹೇಬರು ಎಲ್ಲರ ಕಾಗದ ನೋಡುತ್ತಾ ನನ್ನದಕ್ಕೆ ಬಂದರು. "ಸ್ಪೀಡ್ ಛಲೋ ಅದ" ಎಂದರು. ಆಮೇಲೆ ಕೆಂಪು ಪೆನ್ಸಿಲಿನಿಂದ ಆ ಜಿ ಸುತ್ತ ಒಂದು ಸೊನ್ನೆ ಹಾಕಿದರು.

"ಇದು ಯಾಕ ದೊಡ್ಡದು?"

"ದೇವರ ಹೆಸರ್ರಿ ಸರ್."

"ಸರಕಾರಿ ಕಾಗದದಾಗ ದೊಡ್ಡ ಅಕ್ಷರ ಹುದ್ದೆ ಇದ್ದವರಿಗ ಮಾತ್ರ. ತಹಸೀಲ್ದಾರರಿಗ ಅದ, ಕಲೆಕ್ಟರಿಗ ಅದ. ದೇವರು ಯಾವ ಹುದ್ದೆ ಮ್ಯಾಲ ಅದಾನ?"

ಉಳಿದವರೆಲ್ಲ ನಕ್ಕರು. ಅಲ್ಲಿಗೆ ನಾನೂ ನಕ್ಕು ಸುಮ್ಮನಿದ್ದರೆ ಮುಗಿಯುತ್ತಿತ್ತು. ಸಾಹೇಬರು ಕಾಗದ ತಿರುಗಿ ಕೊಟ್ಟು, "ಸಣ್ಣದು ಮಾಡಿ ಇನ್ನೊಮ್ಮೆ ಹೊಡಕೊಂಡು ಬಾ" ಎಂದೂ ಹೇಳಿದರು. ಎಷ್ಟು ಸಣ್ಣ ಕೆಲಸ! ಒಂದು ಬೆರಳು ಎತ್ತಿದರಾಗಿತ್ತು.

ನಾನು ಎದ್ದು ನಿಂತೆ. ಇಪ್ಪತ್ತೊಂದು ವರ್ಷ ವಯಸ್ಸು. ಎದೆಯೊಳಗೆ ಯುದ್ಧದ ನಗಾರಿ. "ಆಗಂಗಿಲ್ರಿ ಸರ್. ವ್ಯಾಕರಣ ಒಪ್ಪಂಗಿಲ್ಲ" ಎಂದೆ.

"ಏನಂದಿ?"

"ಸಣ್ಣ ಜಿ ಹಾಕಿದ್ರ ಯಾವ ದೇವರು ಅಂತ ಕೇಳ್ತಾರ್ರಿ. ಹತ್ತು ದೇವರಾಗ ಯಾವ ದೇವರು ಬರ ತಂದ ಅಂತ ವರದಿಯಾಗ ಹೆಸರು ಬರೀಬೇಕಾಗ್ತದ್ರಿ."

ಸಾಹೇಬರ ಮೀಸೆಯ ಒಂದು ಕಡೆ ಕುಣಿಯಿತು. "ನನಗ ಟೈಪಿಸ್ಟ್ ಬೇಕಾಗ್ಯಾನ. ವಕೀಲ ಬ್ಯಾಡ" ಎಂದು ಬಾಗಿಲು ತೋರಿಸಿದರು.

ಹೊರಗೆ ಬಂದು ಮಾಮಾಗೆ ಎಲ್ಲ ಹೇಳಿದೆ. ಅರ್ಧ ಕೇಳುವ ತನಕ ಅವರ ಮುಖ ಅರಳಿತ್ತು. "ಭೇಷ್! ಬಿಡಲಿಲ್ಲಲ್ಲ!" ಎಂದು ಬೆನ್ನು ಚಪ್ಪರಿಸಿದರು. ಪೂರ್ತಿ ಕೇಳಿದ ಮೇಲೆ ಚಪ್ಪರಿಸುತ್ತಿದ್ದ ಕೈ ಅಲ್ಲೇ ನಿಂತಿತು.

ಬಸ್ ಸ್ಟ್ಯಾಂಡಿಗೆ ಬಂದರೆ ಔರಾದಿನ ಬಸ್ಸು ಬಂದು ನಿಂತಿತ್ತು. ಗಂಟು ಹೊತ್ತವರು ಇಳಿದು ಹೈದರಾಬಾದ ಬಸ್ಸಿಗೆ ಓಡುತ್ತಿದ್ದರು. ನಮ್ಮ ಓಣಿಯ ಒಂದು ಮನೆಯವರೂ ಇದ್ದರು. "ನಿಮ್ಮವ್ವಗ ಏನರೆ ಹೇಳೋದದ ಏನು?" ಎಂದು ಕಿಟಕಿಯಿಂದ ಕೂಗಿ ಕೇಳಿದರು. ಏನು ಹೇಳಲಿ? ನೌಕರಿ ಕಳಕೊಂಡೆ, ವ್ಯಾಕರಣ ಉಳಿಸಿಕೊಂಡೆ ಅಂತ ಹೇಳಲೇ?

ಆಗ ನನ್ನ ಯುದ್ಧದ ನಗಾರಿ ಒಡೆದು ಹೋಯಿತು. ತಪ್ಪು ನನ್ನದೇ ಆಗಿತ್ತು. ಆದರೆ ತಪ್ಪು ನಮ್ಮದಾದಾಗ ಸಿಟ್ಟು ಬೇರೆಯವರ ಮೇಲೆ ಬರುತ್ತದಲ್ಲ! ಜನರ ನಡುವೆ ಮಾಮಾನ ಮೇಲೆ ಕೂಗಿದೆ. "ನಿಮ್ಮ ಜಿ ನನ್ನ ನೌಕರಿ ತಿಂತು! ನಮ್ಮವ್ವ ಇನ್ನ ಅಲ್ಲೇ ಇರ್ಲಿ, ನೀವು ನಿಮ್ಮ ಡಿಕ್ಷನರಿ ಹಿಡಕೊಂಡು ಕೂಡ್ರಿ!"

ಮಾಮಾ ಬಸ್ಸು ಹತ್ತಿ, ಭಾಲ್ಕಿ ಮುಟ್ಟುವ ತನಕ ಕಿಟಕಿಯ ಹೊರಗೆ ನೋಡುತ್ತಾ ಕೂತರು. ಹೊರಗೆ ನೋಡಲು ಏನಿತ್ತು? ಬರೀ ಕೆಂಪು ನೆಲ.

ಆಮೇಲೆ ಒಂದು ವಾರ ಅವರು ಯಾರ ಅಕ್ಷರವನ್ನೂ ತಿದ್ದಲಿಲ್ಲ. ನಾನು ಮಾತು ಬಿಟ್ಟಿದ್ದೆ. ಅವರ ಎದುರು ಬೇಕೆಂದೇ ಸಣ್ಣ ಜಿ ಹೊಡೆದು ಇಟ್ಟರೂ ನೋಡಿ ಸುಮ್ಮನೆ ಮಡಚಿ ಕೊಟ್ಟರು. ಅತ್ತಿ ಅವರ ಹಣೆ ಮುಟ್ಟಿ ಜ್ವರ ಬಂದಿದೆಯೇ ಎಂದು ನೋಡಿದರು.

ಇಪ್ಪತ್ತು ದಿನಕ್ಕೆ ಅಂಚೆಯವ ಒಂದು ಉದ್ದ ಲಕೋಟೆ ತಂದ. ಆ ಕಚೇರಿಯಿಂದ. ನನ್ನನ್ನು ಟೈಪಿಸ್ಟ್ ಎಂದು ತೆಗೆದುಕೊಂಡಿದ್ದರು!

ಅವತ್ತಿನಿಂದ ನನ್ನ ತಲೆ ಎಷ್ಟು ಎತ್ತರ ಹೋಯಿತೆಂದರೆ, ನನ್ನ ಮೊದಲ ವಾರದ ಜಿಗಳೂ ಅಷ್ಟು ಎತ್ತರ ಹಾರಿರಲಿಲ್ಲ. ನನ್ನ ಧೈರ್ಯಕ್ಕೆ ಸಾಹೇಬರು ಮಣಿದಿದ್ದಾರೆ! ಸತ್ಯಕ್ಕೆ ಜಯ! ಮಾಮಾಗೂ ಸಿಹಿ ತಿನ್ನಿಸಿ ಹೇಳಿದೆ, "ನೋಡ್ರಿ ಮಾಮಾ, ಗಟ್ಟಿ ನಿಂತ್ರ ಸರಕಾರಾನೂ ಬಗ್ಗತದ." ಮಾಮಾ "ಹೌದು ಹೌದು" ಎಂದು ಪೇಢೆ ತಿಂದರು. ತಿಂಗಳೊಳಗೆ ಅಪ್ಪ, ಅವ್ವ, ತಂಗಿ ಔರಾದಿಗೆ ವಾಪಸ್ ಬಂದರು. ಹೊಲಿಗೆ ಯಂತ್ರ ಬಸ್ಸಿನ ಮೇಲಿಂದ ಇಳಿಯುವಾಗ ನಾನೂ ಮಾಮಾನೂ ಕೆಳಗೆ ನಿಂತು ಕೈ ಕೊಟ್ಟೆವು.

ಕೆಲಸಕ್ಕೆ ಸೇರಿದ ಮೇಲೆ ಮೀಸೆಯ ಸಾಹೇಬರು ನನಗೆ ಒಮ್ಮೆಯೂ ದೇವರಿದ್ದ ವಾಕ್ಯ ಹೇಳಲಿಲ್ಲ. ಹೆದರಿದ್ದಾರೆ ಎಂದುಕೊಂಡೆ!

ಈ ಕಥೆಯನ್ನು ನಾನು ಮೂವತ್ತು ವರ್ಷಕ್ಕೂ ಮೇಲೆ ಹೇಳಿಕೊಂಡು ಬಂದೆ. ಹೊಸದಾಗಿ ಬಂದ ಗುಮಾಸ್ತರಿಗೆ ಹೇಳಿದೆ. ನನ್ನ ಮದುವೆಯಲ್ಲಿ ಬೀಗರಿಗೆ ಹೇಳಿದೆ. ಮಕ್ಕಳಿಗೆ ಹೇಳಿದೆ, ಅವರು ಬಾಯಿಪಾಠ ಮಾಡಿಕೊಂಡು ನಾನು ಮರೆತ ಕಡೆ ನೆನಪು ಮಾಡಿ ಕೊಡುತ್ತಿದ್ದರು. ಹೇಳುತ್ತಾ ಹೇಳುತ್ತಾ ಸಾಹೇಬರ ಮೀಸೆ ಬೆಳೆಯಿತು, ನನ್ನ ದನಿ ಏರಿತು. ಕೊನೆ ಕೊನೆಗೆ ಸಾಹೇಬರು ಕುರ್ಚಿ ಬಿಟ್ಟೆದ್ದು ನನಗೆ ಕೈ ಕುಲುಕಿದ್ದೂ ಸೇರಿತು. ಎಷ್ಟೋ ಸಲ ಮಾಮಾ ಎದುರಿಗೇ ಕೂತಿರುತ್ತಿದ್ದರು. ಗಣಪತಿಯ ಇಂಗ್ಲಿಷ್ ಬೋರ್ಡಿನಲ್ಲಿ ಒಂದು ಅಕ್ಷರ ತಪ್ಪಿದ್ದರೆ ಮಂಡಳಿಯವರನ್ನು ಎಬ್ಬಿಸಿ ತಿದ್ದಿಸುವ ಮನುಷ್ಯ, ನನ್ನ ಕಥೆಗೆ ಮಾತ್ರ ತಲೆ ಆಡಿಸುತ್ತಾ ಕೂರುತ್ತಿದ್ದರು. "ನಮ್ಮ ಅಳಿಯ ಭಾಳ ಜಿದ್ದಿನವ" ಎನ್ನುತ್ತಿದ್ದರು.

ನಿವೃತ್ತಿಗೆ ಕೆಲವು ತಿಂಗಳಿದ್ದಾಗ ಕಚೇರಿಯ ಹಳೆಯ ಫೈಲುಗಳನ್ನು ವಿಂಗಡಿಸುವ ಕೆಲಸ ನನಗೆ ಬಿತ್ತು. ಧೂಳು ಜಾಡಿಸುತ್ತಾ ನಮ್ಮ ನೇಮಕಾತಿಯ ಫೈಲು ಕೈಗೆ ಬಂತು. ಬಿಡುತ್ತೇನೆಯೇ? ನನ್ನ ಪರಾಕ್ರಮದ ದಾಖಲೆ ಅದರಲ್ಲಿ ಇದ್ದೇ ಇರಬೇಕಲ್ಲ! ಎದುರಿನ ಹುಡುಗಿ ಗುಮಾಸ್ತೆಯನ್ನೂ ಕರೆದೆ, "ಬಾರವ್ವಾ, ತೋರಸ್ತೇನಿ" ಎಂದು.

ಕೆಂಪು ಸೊನ್ನೆ ಹಾಕಿದ ನನ್ನ ಕಾಗದ ಇತ್ತು. ಅದರ ಮೇಲೆ 'ಬೇಡ' ಎಂಬರ್ಥದ ಷರಾ ಇತ್ತು. ಅದರ ಕೆಳಗೆ ಇನ್ನೊಂದು ಕಾಗದ. ಇಂಗ್ಲಿಷಿನಲ್ಲಿ ಟೈಪ್ ಮಾಡಿದ್ದು. ಕೆಳಗೆ ಮಾಮಾನ ಸಹಿ. ಪರೀಕ್ಷೆಯಾದ ಮೂರನೇ ದಿನದ ತಾರೀಖು.

ಅದರಲ್ಲಿ ಬರೆದದ್ದು ಇಷ್ಟು. ಹುಡುಗನ ತಪ್ಪಿಲ್ಲ. ಅವನಿಗೆ ಕಲಿಸಿದವನು ನಾನು, ನಾನೇ ತಪ್ಪು ಕಲಿಸಿದ್ದೇನೆ. ತಾವು ಹೇಳಿದ್ದೇ ಸರಿ, ಆ ಪದವನ್ನು ಸಣ್ಣ ಅಕ್ಷರದಿಂದಲೇ ಬರೆಯಬೇಕು. ಇನ್ನು ಮುಂದೆ ಅವನು ವಾದ ಮಾಡುವುದಿಲ್ಲ ಎಂದು ನಾನು ಮಾತು ಕೊಡುತ್ತೇನೆ. ಶಿಕ್ಷೆ ಇದ್ದರೆ ನನಗಿರಲಿ, ಹುಡುಗನನ್ನು ಮಾಫ್ ಮಾಡಿ.

'ಗಾಡ್' ಎಂಬ ಪದ ಆ ಕಾಗದದಲ್ಲಿ ಮೂರು ಕಡೆ ಬಂದಿತ್ತು. ಮೂರೂ ಕಡೆ ಸಣ್ಣ ಜಿ. ಅಂಚಿನಲ್ಲಿ ಸಾಹೇಬರ ಕೆಂಪು ಪೆನ್ಸಿಲಿನಲ್ಲಿ ಒಂದೇ ಸಾಲು, ತೆಗೆದುಕೊಳ್ಳಿ ಎಂದು.

"ಸರ್, ಎಲ್ಲದ್ರಿ ನಿಮ್ಮ ಕಥಿ?" ಎಂದಳು ಹುಡುಗಿ. ಕಣ್ಣಿಗೆ ಧೂಳು ಹೋಗಿದೆ ಎಂದು ಹೇಳಿ ಹೊರಗೆ ಬಂದೆ.

ಮಾಮಾ ಆಗ ಬೀದರಿನ ಪಕ್ಕದ ನೌಬಾದಿನಲ್ಲಿ ಮಗಳ ಮನೆಯ ಹತ್ತಿರ ಮನೆ ಮಾಡಿದ್ದರು. ಎಂಬತ್ತು ದಾಟಿತ್ತು. ಕಣ್ಣಿಗೆ ಪೊರೆ. ಅದೇ ಸಂಜೆ ಆ ಕಾಗದದ ಒಂದು ಜೆರಾಕ್ಸ್ ಹಿಡಿದುಕೊಂಡು ಹೋದೆ. ಅವರು ಅಂಗಳದಲ್ಲಿ ಹಗ್ಗದ ಹೊರಸಿನ ಮೇಲೆ ಕೂತಿದ್ದರು. ಕಾಗದವನ್ನು ಕೈಗೆ ಕೊಟ್ಟೆ. ಮೂಗಿಗೆ ಹತ್ತುವಷ್ಟು ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು.

"ಜಿ ಸಣ್ಣದು ಬಿದ್ದದಲ್ಲೋ" ಎಂದರು. "ಟೈಪಿಂಗ್ ಗಲತಿ ಇರ್ಬೇಕು."

"ಮೂರು ಕಡೆ ಬಿದ್ದದ್ರಿ ಮಾಮಾ."

ಮಾಮಾ ಕಾಗದವನ್ನು ನಾಲ್ಕು ಮಡಿಕೆ ಮಾಡಿದರು. ಒಳಗಿಂದ ಅತ್ತಿ ಹೇಳಿದರು, "ನೀ ಪರೀಕ್ಷಾ ಕೊಟ್ಟು ಬಂದ ದಿನಾನ ನಿಮ್ಮವ್ವಂದು ಕಾಗದ ಬಂದಿತ್ತಪ್ಪ. ಹುಡುಗ ನೌಕರಿಗ ಹತ್ತಿದನೇನಣ್ಣಾ ಅಂತ ಕೇಳಿದ್ಳು. ಎರಡು ದಿನ ಉಣಲಿಲ್ಲ ಇವ್ರು. ಮೂರನೇ ದಿನ ಕದ ಹಾಕ್ಕೊಂಡು ಅದೇನೋ ಹೊಡದು, ಬೀದರಿಗ ಹೋಗಿ ಬಂದ್ರು."

ನನಗೆ ನನ್ನ ಮೂವತ್ತು ವರ್ಷದ ಕಥೆಯೆಲ್ಲ ನೆನಪಾಗಿ ಎಲ್ಲಿ ಮುಖ ಇಟ್ಟುಕೊಳ್ಳಲಿ ಎಂದಾಯಿತು. "ಮಾಮಾ, ಊರ ಮಂದಿ ಮುಂದ ಅಷ್ಟು ಸಲ ಜಂಬ ಕೊಚ್ಚಿದೆ. ನೀವು ಎದುರಿಗೇ ಕೂತಿದ್ರಿ. ಒಮ್ಮೆ ಆದರೂ ಯಾಕ ತಿದ್ದಲಿಲ್ಲ ನೀವು?"

ಮಾಮಾ ನಕ್ಕರು. ಹಲ್ಲಿಲ್ಲದ ನಗು.

"ನೀ ಭಾಳ ಛಂದ ಹೇಳ್ತಿದ್ದಿ. ತಿದ್ದಲಿಕ್ಕ ಮನಸ್ಸಾಗ್ಲಿಲ್ಲ."

ಅತ್ತಿ ಚಹಾ ತಂದಿಟ್ಟರು. ಮಾಮಾ ಹೊರಸಿನ ಮೇಲೆ ಸರಿದು ನನಗೆ ಜಾಗ ಮಾಡಿಕೊಟ್ಟರು. "ಕೂಡು. ಭಾಳ ದಿನ ಆತು ಕೇಳಿ. ಆ ಸಾಹೇಬನ ಮುಂದ ನೀ ಎದ್ದು ನಿಂತಿದ್ದಿಯಲ್ಲ, ಅಲ್ಲಿಂದ ಹೇಳು."

ನಾನು ಅವರ ಪಕ್ಕ ಕೂತು ಚಹಾದ ಬಸಿ ಕೈಗೆತ್ತಿಕೊಂಡೆ. ಮಾಮಾ ಅವಸರ ಮಾಡಲಿಲ್ಲ. ಪೊರೆ ಬಂದ ಕಣ್ಣನ್ನು ನನ್ನ ಕಡೆಗೆ ತಿರುಗಿಸಿ, ತಲೆ ಆಡಿಸಲು ತಯಾರಾಗಿ, ಕಾಯುತ್ತಾ ಕೂತರು.